ಸೊನ್ನೆ ಅಂದ್ರೆ ಡಿಫಾಲ್ಟ್ ಅಲ್ಲ ಮಾರಾಯ್ರೆ

ಕೊಡಗಿನ ಸುಂಟಿಕೊಪ್ಪದ ಹತ್ರ ಚಿಕ್ಕಪ್ಪನ ತೋಟದಲ್ಲಿ ಒಂದು ಮಳೆ ಮಾಪಕ ಇಟ್ಟಿದೀನಿ, ಅದ್ರಿಂದ ಆರ್‌ಎಸ್-485 (ದೂರದಿಂದ ಡೇಟಾ ತರೋ ಸೀರಿಯಲ್ ಲೈನ್) ವಯರ್ ಎಳೆದು ಯುಎಸ್‌ಬಿ ಕನ್ವರ್ಟರ್ ಮೂಲಕ ಹಳೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಕೊಟ್ಟಿದೆ, ಓದೋ ಪ್ರೋಗ್ರಾಮ್ ಸಿ ಭಾಷೇಲಿ ನಾನೇ ಬರ್ದಿದ್ದು, ಸೆಟ್ಟಿಂಗ್ ಓದೋಕೆ ಒಂದು ಸಣ್ಣ ಕಾನ್ಫಿಗ್ ಲೈಬ್ರರಿನೂ ನಂದೇ. ರೆಡಿಮೇಡ್ ತಗೊಂಡಿದ್ರೆ ಈ ಕಥೆನೇ ಇರ್ತಿರ್ಲಿಲ್ಲ, ಬಿಡಿ.

ಆಗಿದ್ದೇನಂದ್ರೆ, ಅದೇ ಕನ್ವರ್ಟರ್‌ಗೆ ಒಂದ್ಸಲ ಕರೆಂಟ್ ಮೀಟರ್ ಸಿಕ್ಕಿಸಿ ಟೆಸ್ಟ್ ಮಾಡ್ದೆ, 19200 ಬಾಡ್ (ಡೇಟಾ ಹೋಗೋ ವೇಗ), ಈವನ್ ಪ್ಯಾರಿಟಿ (ತಪ್ಪು ಹಿಡಿಯೋ ಹೆಚ್ಚುವರಿ ಬಿಟ್). ಆಮೇಲೆ ವಾಪಸ್ ಮಳೆ ಮಾಪಕ ಹಾಕಿದ್ರೆ ಬರೀ ಕಸ ಬರ್ತಿದೆ. ಲಿನಕ್ಸಲ್ಲಿ ಸೀರಿಯಲ್ ಪೋರ್ಟ್ ಕ್ಲೋಸ್ ಮಾಡಿದ್ರೂ ಹಿಂದಿನವರು ಇಟ್ಟ ಸೆಟ್ಟಿಂಗ್ ಹಂಗೇ ಉಳ್ಕೊಂಡಿರತ್ತೆ, ನನ್ನ ಕಾನ್ಫಿಗ್ ಫೈಲಲ್ಲಿ ಬಾಡ್, ಪ್ಯಾರಿಟಿ ಸಾಲುಗಳೇ ಇರ್ಲಿಲ್ಲ, ಇಲ್ದಿದ್ದನ್ನ ಲೈಬ್ರರಿ ಮುಟ್ತಾನೂ ಇರ್ಲಿಲ್ಲ.

ಸರಿ, ರೀಸೆಟ್ ಫಂಕ್ಷನ್ ಬರೆಯೋಣ ಅಂತ ಪೋರ್ಟಿನ ಸೆಟ್ಟಿಂಗೆಲ್ಲ ಇರೋ ಟರ್ಮಿಯೋಸ್ ಸ್ಟ್ರಕ್ಟನ್ನ ಮೆಮ್‌ಸೆಟ್ ಮಾಡಿ ಪೂರ್ತಿ ಸೊನ್ನೆ ಮಾಡಿ ಹಾಕ್ಬಿಟ್ಟೆ. ಎರರ್ ಇಲ್ಲ, ಏನಿಲ್ಲ. ಸಂಜೆ ಚಿಕ್ಕಪ್ಪನ ಫೋನ್, "ಏನೋ, ನಿನ್ನ ಮಿಷಿನ್ ಪ್ರಕಾರ ಕಕ್ಕಡದಲ್ಲಿ ಒಂದು ಹನಿ ಮಳೆನೂ ಇಲ್ವಲ್ಲೋ!" ಕಕ್ಕಡ ಅಂದ್ರೆ ನಮ್ಮಲ್ಲಿ ಜೋರು ಮಳೆ ತಿಂಗಳು.

ಸೊನ್ನೆಗೆ ಅಲ್ಲಿ ಬೇರೆನೇ ಅರ್ಥ. ಬಾಡ್ ರೇಟ್ ಸೊನ್ನೆ ಅಂದ್ರೆ ಲೈನ್ ಕಟ್ ಮಾಡು ಅಂತ. ಡೇಟಾ ಬಿಟ್ ಜಾಗದಲ್ಲಿ ಸೊನ್ನೆ ಅಂದ್ರೆ 5 ಬಿಟ್, ನಮಗೆ ಬೇಕಿದ್ದು 8. ರಿಸೀವರ್ ಆನ್ ಮಾಡೋ ಸೀರೀಡ್ ಫ್ಲಾಗೂ ಹೋಯ್ತು. ಕನಿಷ್ಠ ಎಷ್ಟು ಬೈಟಿಗೆ, ಎಷ್ಟು ಹೊತ್ತು ಕಾಯ್ಬೇಕು ಅಂತ ಹೇಳೋ ವಿಮಿನ್, ವಿಟೈಮ್ ಎರಡೂ ಸೊನ್ನೆ ಆದ್ರೆ ರೀಡ್ ಕಾಯೋದೇ ಇಲ್ಲ, ತಕ್ಷಣ ಬರಿಗೈಲಿ ವಾಪಸ್ ಬರತ್ತೆ, ನನ್ನ ಲೂಪ್ ಗಿರಗಿರ ತಿರುಗಿ ಪೈ ಬಿಸಿ ದೋಸೆ ಹಂಚಿನ ಥರ ಆಗಿತ್ತು. ಇನ್ನೊಂದು, ಪೋರ್ಟಿಗೆ ಸೆಟ್ಟಿಂಗ್ ಹಾಕೋ ಟಿಸಿಸೆಟ್‌ಅಟ್ಟರ್ ಕೇಳಿದ್ರಲ್ಲಿ ಒಂದೇ ಒಂದು ಬದಲಾದ್ರೂ ಸಕ್ಸೆಸ್ ಅಂತಾನೇ ಹೇಳತ್ತೆ, ಹಂಗಾಗಿ ಹಾಕಿದ್ಮೇಲೆ ಟಿಸಿಗೆಟ್‌ಅಟ್ಟರ್‌ನಿಂದ ತಿರ್ಗ ಓದಿ ಹೋಲಿಸ್ಲೇಬೇಕು.

ಈಗ ಡಿಫಾಲ್ಟನ್ನ, ಅಂದ್ರೆ ಫೈಲಲ್ಲಿ ಏನೂ ಹೇಳ್ದಿದ್ರೆ ಬಳಸೋ ಬೆಲೆಗಳನ್ನ, ಒಂದು ಕಾನ್ಸ್ಟ್ (ಬದಲಾಗದ) ಸ್ಟ್ರಕ್ಟಲ್ಲಿ ಬಾಯ್ಬಿಟ್ಟು ಬರ್ದಿದೀನಿ: 9600, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್. ಮೊದ್ಲು ಅದರ ಕಾಪಿ, ಅದ್ರ ಮೇಲೆ ಫೈಲಲ್ಲಿರೋದು, ಆಮೇಲೆ ಪೋರ್ಟಿಗೆ. 9600 ಅನ್ನೋ ನಂಬರ್ ನೇರ ಹಾಕೋ ಹಾಗಿಲ್ಲ, ಈ ಹಳೆ ಪೈನಲ್ಲಿ ಬಿ9600 ಅನ್ನೋ ಕಾನ್ಸ್ಟಂಟಿನ ಬೆಲೆ 13, ಅದಕ್ಕೊಂದು ಟೇಬಲ್ ಇಟ್ಟೆ. ಪೋರ್ಟಿನ ಹೆಸರನ್ನ ಮಾತ್ರ ರೀಸೆಟ್ ಮಾಡಲ್ಲ. ಒಂದ್ಸಲ ಮಾಡಿ ನೋಡ್ದೆ, ಸ್ಟ್ರ್‌ಡಪ್ ಮಾಡಿದ್ದ (ಅಂದ್ರೆ ಹೊಸ ಮೆಮೊರಿ ತಗೊಂಡು ಕಾಪಿ ಮಾಡಿದ್ದ) ಹೆಸರಿನ ಜಾಗಕ್ಕೆ ಡಿಫಾಲ್ಟ್ ಸ್ಟ್ರಿಂಗ್ ಬಂದು ಕೂತಿತ್ತು, ಅದು ಹಂಗೆ ತಗೊಂಡ ಮೆಮೊರಿ ಅಲ್ಲ, ಮುಂದಿನ ಸಲ ಫ್ರೀ ಮಾಡೋಕೆ (ವಾಪಸ್ ಕೊಡೋಕೆ) ಹೋದಾಗ ಪ್ರೋಗ್ರಾಮ್ ಧೊಪ್ಪಂತ ಬಿತ್ತು.

ಮರುದಿನ ಬೆಳಿಗ್ಗೆ ಪೈ 60.8 ಮಿಲಿಮೀಟರ್ ತೋರಿಸ್ತು. ಚಿಕ್ಕಪ್ಪ ತಮ್ಮ ಹಳೆ ಗಾಜಿನ ಅಳತೆ ಹಿಡ್ಕೊಂಡು ನೋಡಿ "ಎರಡು ಇಂಚು ನಲವತ್ತು ಸೆಂಟು, ನಿಂದು ಅರುವತ್ತು ಅಂತಿದೆ, ಇನ್ನೂ ಕೆಟ್ಟೋಗಿದೆ" ಅಂದ್ರು. ನೂರು ಸೆಂಟಿಗೆ ಒಂದು ಇಂಚು, ಎರಡೂ ಹೆಚ್ಚುಕಮ್ಮಿ ಒಂದೇ ಲೆಕ್ಕ ಅಂತ ಹೇಳೋಕೆ ಹೋದ್ರೆ ಕೇಳ್ಬೇಕಲ್ಲ. ಡಿಫಾಲ್ಟ್ ಸ್ಟ್ರಕ್ಟಲ್ಲಿ ಇನ್ನೊಂದು ಸಾಲು ಸೇರಿಸಿದೀನಿ, ಯೂನಿಟ್ ಇಂಚು.