ವಾಲ್ಪರೈಸೊ: ಲಿಫ್ಟ್ ಹತ್ತಿ ಮನೆಗೆ ಹೋಗುವ ಊರು

ಚಿಲಿ ದೇಶದ ರಾಜಧಾನಿ ಸಾಂಟಿಯಾಗೊದಲ್ಲಿ ಉಳಿದುಕೊಂಡವರು ಒಂದು ದಿನವನ್ನು ವಾಲ್ಪರೈಸೊಗೆ ಅಂತಲೇ ಎತ್ತಿಡಬೇಕು. ದೂರ ಸುಮಾರು 120 ಕಿಲೋಮೀಟರ್. ಬಸ್ಸುಗಳು ಬೇಕಾದಷ್ಟಿವೆ. ಸುರಂಗಗಳನ್ನು ದಾಟಿ, ಕಾಸಾಬ್ಲಾಂಕಾ ಕಣಿವೆಯ ದ್ರಾಕ್ಷಿ ತೋಟಗಳನ್ನು ನೋಡುತ್ತಾ ಹೋದರೆ ಎರಡು ಗಂಟೆಯೊಳಗೆ ಸಮುದ್ರ ಸಿಗುತ್ತದೆ.

ನಾವು ಇಳಿದಾಗ ಬೆಟ್ಟಗಳೇ ಕಾಣದಷ್ಟು ಮಂಜು. ಚಿಲಿಯ ಕರಾವಳಿಯ ಉದ್ದಕ್ಕೂ ಹಂಬೋಲ್ಟ್ ಎಂಬ ತಣ್ಣನೆಯ ಪ್ರವಾಹ ಹರಿಯುತ್ತದೆ. ಬೆಳಗಿನ ಈ ಮಂಜು ಅದರದ್ದೇ ಕೊಡುಗೆ. ಬಸ್ ನಿಲ್ದಾಣದಿಂದ ಬಂದರಿನ ಕಡೆಗೆ ಟ್ರಾಲಿ ಬಸ್ ಹಿಡಿದೆವು. ತಲೆಯ ಮೇಲಿನ ವಿದ್ಯುತ್ ತಂತಿಗೆ ಕಂಬಿ ತಾಗಿಸಿಕೊಂಡು ಓಡುವ ಬಸ್ಸು ಇದು. 1952ರಿಂದ ಈ ಊರಿನಲ್ಲಿ ಓಡುತ್ತಿವೆ. ಸದ್ದೇ ಇಲ್ಲ, ಹೊಗೆಯೂ ಇಲ್ಲ.

ಸೊಟೊಮಯೊರ್ ಚೌಕದಲ್ಲಿ ಇಳಿದು ತಲೆಯೆತ್ತಿದರೆ ಊರಿನ ಸ್ವರೂಪ ಗೊತ್ತಾಗುತ್ತದೆ. ಕೆಳಗೆ ಸಮುದ್ರದ ಪಕ್ಕ ಕಿರಿದಾದ ಸಮತಟ್ಟು ಜಾಗ. ಅದರಲ್ಲೂ ಬಹುಪಾಲು ಸಮುದ್ರವನ್ನು ತುಂಬಿ ಮಾಡಿಕೊಂಡಿದ್ದು. ಕಚೇರಿ, ಬ್ಯಾಂಕು, ಮಾರುಕಟ್ಟೆ ಎಲ್ಲ ಅಲ್ಲೇ. ಜನ ಇರುವುದು ಮಾತ್ರ ಹಿಂದಿನ ನಲವತ್ತಕ್ಕೂ ಹೆಚ್ಚು ಗುಡ್ಡಗಳ ಮೇಲೆ. ಹಾಗಾದರೆ ದಿನಾ ಹತ್ತಿ ಇಳಿಯುವುದು ಹೇಗೆ?

ಅದಕ್ಕೇ ಈ ಊರಿನವರು ಬೆಟ್ಟದ ಮೈಗೆ ಹಳಿ ಹಾಕಿ ಲಿಫ್ಟ್ ಕಟ್ಟಿಕೊಂಡರು. ಮೊದಲನೆಯದು ಕಾನ್ಸೆಪ್ಸಿಯೋನ್ ಗುಡ್ಡದ್ದು, 1883ರದು. ನಾವು ಹತ್ತಿದ್ದು 1902ರ ಎಲ್ ಪೆರಾಲ್. ಕೆಲಸ ಮಾಡುವ ರೀತಿ ಬಹಳ ಸರಳ. ಒಂದೇ ಹಗ್ಗದ ಎರಡು ತುದಿಗೆ ಎರಡು ಡಬ್ಬಿಗಳು. ಒಂದು ಮೇಲೇರುವಾಗ ಇನ್ನೊಂದು ಇಳಿಯುತ್ತದೆ. ಒಂದರ ಭಾರ ಇನ್ನೊಂದನ್ನು ಎಳೆಯುವುದರಿಂದ ಮೋಟಾರಿಗೆ ಕೆಲಸ ಕಡಿಮೆ. ನಮ್ಮ ಜೊತೆ ಒಬ್ಬ ವಯಸ್ಸಾದ ಅಮ್ಮ ಇದ್ದರು, ಎರಡೂ ಕೈಯಲ್ಲಿ ತರಕಾರಿ ಚೀಲ. ನಮ್ಮನ್ನು ನೋಡಿದವರೇ ಕಿಟಕಿಯ ಪಕ್ಕದಿಂದ ಸರಿದು, ಇಲ್ಲಿ ನಿಲ್ಲಿ ಎಂದು ಸನ್ನೆ ಮಾಡಿದರು. ಡಬ್ಬಿ ಕಿರುಗುಟ್ಟುತ್ತಾ ಏರಿತು. ಬಂದರಿನ ಕ್ರೇನುಗಳು, ಕಂಟೇನರುಗಳು, ನೌಕಾಪಡೆಯ ಹಡಗುಗಳು ಒಂದೊಂದಾಗಿ ಕಾಲಡಿಗೆ ಸರಿದವು. ಒಂದು ನಿಮಿಷವೂ ಹಿಡಿಯಲಿಲ್ಲ. ನಮಗೆ ಇದು ಪ್ರವಾಸ, ಆ ಅಮ್ಮನಿಗೆ ಮನೆಗೆ ಹೋಗುವ ದಾರಿ.

ಮೇಲೆ ಮಂಜು ಕರಗುತ್ತಿದ್ದಂತೆ ಬಣ್ಣಗಳು ಶುರುವಾದವು. ಹಳದಿ, ನೀಲಿ, ಇಟ್ಟಿಗೆ ಕೆಂಪು, ಕಡು ಹಸಿರು. ಹಬ್ಬಕ್ಕೆ ಹೊಸ ಬಟ್ಟೆ ಹಾಕಿಕೊಂಡ ಮಕ್ಕಳ ಹಾಗೆ ಮನೆಗಳು ಒತ್ತಿಕೊಂಡು ನಿಂತಿವೆ. ಹತ್ತಿರ ಹೋಗಿ ಮುಟ್ಟಿ ನೋಡಿದರೆ ಹೆಚ್ಚಿನ ಗೋಡೆಗಳು ತಗಡಿನವು! ಮರದ ಚೌಕಟ್ಟು, ಮಣ್ಣಿನ ಗೋಡೆ, ಅದರ ಮೇಲೆ ಸುಕ್ಕು ತಗಡಿನ ಹೊದಿಕೆ. ಉಪ್ಪು ಗಾಳಿಗೆ ತಗಡು ತುಕ್ಕು ಹಿಡಿಯಬಾರದಲ್ವಾ, ಅದಕ್ಕೆ ಬಣ್ಣ ಬೇಕೇ ಬೇಕು. ಹಡಗಿಗೆ ಬಳಿದು ಉಳಿದ ಬಣ್ಣವನ್ನೇ ಮನೆಗೆ ಬಳಿಯುತ್ತಿದ್ದರು ಎನ್ನುವ ಮಾತೂ ಇದೆ. ಈ ಚಂದ ಸುಮ್ನೆ ಅಲಂಕಾರಕ್ಕೆ ಹುಟ್ಟಿದ್ದಲ್ಲ, ಬದುಕಿನ ಅಗತ್ಯದಿಂದ ಹುಟ್ಟಿದ್ದು. ನನಗೆ ಅದೇ ಜಾಸ್ತಿ ಇಷ್ಟವಾಯಿತು.

ಒಂದು ಕಾಲಕ್ಕೆ ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ ಬರುವ ಹಡಗುಗಳೆಲ್ಲ ಇಲ್ಲಿ ತಂಗುತ್ತಿದ್ದವು. ಡಾರ್ವಿನ್ 1834ರಲ್ಲಿ ಬಂದಿಳಿದಿದ್ದು ಇಲ್ಲೇ. ಇಂಗ್ಲಿಷರು, ಜರ್ಮನ್ನರು ಬಂದು ನೆಲೆಸಿದರು. ಅಲೆಗ್ರೆ ಗುಡ್ಡದ ಮನೆಗಳಲ್ಲಿ ಅವರ ಗುರುತು ಇನ್ನೂ ಇದೆ. 1906ರಲ್ಲಿ ದೊಡ್ಡ ಭೂಕಂಪವಾಯಿತು. 1914ರಲ್ಲಿ ಪನಾಮಾ ಕಾಲುವೆ ತೆರೆಯಿತು, ಹಡಗುಗಳಿಗೆ ಇಷ್ಟು ದೂರ ಬರುವ ಅಗತ್ಯ ತಪ್ಪಿತು. ಊರಿನ ದುಡ್ಡು ಕರಗಿತು. ಆದರೆ ದುಡ್ಡಿದ್ದಿದ್ದರೆ ಈ ಹಳೆಯ ಮನೆಗಳನ್ನು ಯಾವತ್ತೋ ಕೆಡವಿ ಗಾಜಿನ ಕಟ್ಟಡ ಕಟ್ಟುತ್ತಿದ್ದರು ಎಂದು ನನಗನ್ನಿಸುತ್ತದೆ. 2003ರಲ್ಲಿ ಯುನೆಸ್ಕೊ ಊರಿನ ಹಳೆಯ ಭಾಗವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮಧ್ಯಾಹ್ನದ ಊಟಕ್ಕೆ ಇಲ್ಲಿನ ಹೆಸರುವಾಸಿ ತಿನಿಸು ಚೊರಿಯಾನಾ. ಆಲೂಗಡ್ಡೆ ಫ್ರೈಗಳ ರಾಶಿಯ ಮೇಲೆ ದನದ ಮಾಂಸ, ಹುರಿದ ಈರುಳ್ಳಿ, ಮೊಟ್ಟೆ. ಸಸ್ಯಾಹಾರಿಗಳಾದ ನಾವು ಚೀಸ್ ತುಂಬಿದ ಬಿಸಿ ಎಂಪನಾಡಾ ತಿಂದೆವು. ನಮ್ಮ ಕರ್ಜಿಕಾಯಿ ಆಕಾರದ್ದು, ಒಳಗೆ ಖಾರವೂ ಇಲ್ಲ, ಸಿಹಿಯೂ ಇಲ್ಲ.

ಊಟವಾದ ಮೇಲೆ ಕವಿ ಪಾಬ್ಲೊ ನೆರೂಡಾ ಅವರ ಮನೆ ಲಾ ಸೆಬಾಸ್ಟಿಯಾನಾ ನೋಡಿದೆವು. ಕಿರಿದಾಗಿ ಮೇಲಕ್ಕೆ ಬೆಳೆದ ಮನೆ. ಅಂತಸ್ತು ಏರಿದಂತೆ ಕಿಟಕಿಯ ತುಂಬ ಸಮುದ್ರ. ಈಗ ಅದು ಮ್ಯೂಸಿಯಂ. ಸೋಮವಾರ ರಜೆ, ನೆನಪಿರಲಿ.

ಅಲ್ಲಿಂದ ಎದುರಿನ ಗುಡ್ಡಗಳನ್ನು ನೋಡುವಾಗ ಕಣಿವೆಗಳ ಕಡಿದಾದ ಇಳಿಜಾರಿನಲ್ಲಿ ಅಂಟಿಕೊಂಡ ಬಡವರ ಮನೆಗಳೂ ಕಾಣುತ್ತವೆ. 2014ರ ಏಪ್ರಿಲ್‌ನಲ್ಲಿ ಇಂಥ ಗುಡ್ಡಗಳಿಗೇ ಬೆಂಕಿ ಬಿತ್ತು. 15 ಜನ ತೀರಿಕೊಂಡರು, ಎರಡು ಸಾವಿರಕ್ಕೂ ಹೆಚ್ಚು ಮನೆಗಳು ಸುಟ್ಟವು. ಜೋರು ಗಾಳಿ, ಇಕ್ಕಟ್ಟಾದ ದಾರಿ. ಇಲ್ಲಿನ ಅಗ್ನಿಶಾಮಕ ದಳ 1851ರಷ್ಟು ಹಳೆಯದು. ಅದರಲ್ಲಿ ಬೆಂಕಿ ಆರಿಸುವವರೆಲ್ಲ ಸಂಬಳವಿಲ್ಲದೆ ದುಡಿಯುವ ಸ್ವಯಂಸೇವಕರು ಎಂದು ತಿಳಿದಾಗ ನಿಜಕ್ಕೂ ಕೈ ಮುಗಿಯಬೇಕು ಅನ್ನಿಸಿತು.

ಲಿಫ್ಟುಗಳ ಕಥೆ ಮಾತ್ರ ಬೇಸರ ತರಿಸುತ್ತದೆ. ಒಂದು ಕಾಲಕ್ಕೆ ಮೂವತ್ತರಷ್ಟು ಇದ್ದವು. ಅವುಗಳಲ್ಲಿ ಎಷ್ಟೋ ನಿಂತೇ ಹೋಗಿವೆ. ಕೆಲವು ದುರಸ್ತಿಗೆಂದು ವರ್ಷಗಟ್ಟಲೆ ಮುಚ್ಚಿರುತ್ತವೆ. ಗೋಡೆ ಚಿತ್ರಗಳ ಫೋಟೊ ತೆಗೆದು ಹೊರಡುವ ನಮಗೆ ಅದರಿಂದ ನಷ್ಟವಿಲ್ಲ. ಚೀಲ ಹಿಡಿದು ನೂರಾರು ಮೆಟ್ಟಿಲು ಹತ್ತಬೇಕಾದವರು ಮೇಲಿನ ಮನೆಯವರು. ನೀವು ಹೋದರೆ ಓಡುತ್ತಿರುವ ಲಿಫ್ಟಿನಲ್ಲಿ ಟಿಕೆಟ್ ಕೊಂಡು ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ಗಟ್ಟಿ ಶೂ ಹಾಕಿಕೊಳ್ಳಿ, ಬಂದರಿನ ಬೀದಿಗಳಲ್ಲಿ ಫೋನ್ ಜೇಬಿನಲ್ಲಿರಲಿ. ವಾಪಸ್ ಬಸ್ಸು ಸಂಜೆಯ ನಂತರವೂ ಇರುತ್ತದೆ, ಅವಸರ ಬೇಡ.