ಎಸಿ ಹಾಕಿ ನಿಂತ ಗಾಡಿಗೆ ಎಣ್ಣೆ ಹಾಕೋರು ಯಾರು?

ವಿಜಯಪುರದಲ್ಲಿ ನಮ್ಮದು ಎರಡೇ ಗಾಡಿಯ ಟ್ರಾವೆಲ್ಸ್. 13 ಮಂದಿ ಕೂರುವ ಒಂದು ಡೀಸೆಲ್ ಟಿಟಿ (ಟೆಂಪೋ ಟ್ರಾವೆಲರ್), 7 ಸೀಟಿನ ಒಂದು ಸಿಎನ್‌ಜಿ ಕಾರು (ಗ್ಯಾಸು ಮುಗಿದರೆ ಪೆಟ್ರೋಲ್ ಮೇಲೂ ಓಡುತ್ತದೆ). ಎರಡಕ್ಕೂ ಹಳದಿ ಬೋರ್ಡು. ಓಡಿಸೋದು ಅಣ್ಣ, ಜೊತೆಗೊಬ್ಬ ಡ್ರೈವರ್. ಬಾಡಿಗೆ ಮಾತಾಡೋದು, ಲೆಕ್ಕ ಬರೆಯೋದು, ಗಾಡಿ ತಡವಾದರೆ ಗಿರಾಕಿಗಳ ಹತ್ತಿರ ಬೈಸಿಕೊಳ್ಳೋದು ನನ್ನ ಪಾಲು.

ಹೊಸದಾಗಿ ಈ ಧಂದೆಗೆ ಇಳಿಯುವವರು ಆಗಾಗ ಫೋನ್ ಮಾಡುತ್ತಾರೆ. “ಅಕ್ಕಾರ, ಡೀಸೆಲ್ ತಗೊಳ್ಳೋದೊ, ಸಿಎನ್‌ಜಿ ತಗೊಳ್ಳೋದೊ?” ನಾನು ತಿರುಗಿ ಕೇಳುತ್ತೇನೆ, “ಯಾವ ಕಡೆ ಹೊಡೀತೀರಿ? ಎಷ್ಟು ಮಂದಿ ಕುಂಡ್ರತಾರ?” ಬಹಳ ಜನ ಅಲ್ಲೇ ಸುಮ್ಮನಾಗುತ್ತಾರೆ. ಅವರಿಗೆ ಬೇಕಾಗಿದ್ದು ಒಂದು ಹೆಸರು. ಆದರೆ ದಾರಿ ಮತ್ತು ಮಂದಿ ಗೊತ್ತಿಲ್ಲದೆ ಇಂಧನ ಆರಿಸೋಕೆ ಬರಲ್ಲ.

ಲೆಕ್ಕ ಸುಲಭ ಆಗಲಿ ಅಂತ ರೇಟು ದುಂಡಗೆ ಹಿಡಿಯುತ್ತೇನೆ. ಡೀಸೆಲ್ ಲೀಟರ್‌ಗೆ 92 ರೂಪಾಯಿ, ಸಿಎನ್‌ಜಿ ಕಿಲೋಗೆ 90, ಪೆಟ್ರೋಲ್ 103. ನಮ್ಮ ಕಾರು ಎಸಿ ಹಾಕಿಕೊಂಡು ಕಿಲೋ ಗ್ಯಾಸಿಗೆ 22 ಕಿ.ಮೀ. ಕೊಡುತ್ತದೆ. ಅಂದರೆ ಕಿಲೋಮೀಟರ್‌ಗೆ 4 ರೂಪಾಯಿ 10 ಪೈಸೆ. ಟಿಟಿ ಲೀಟರ್‌ಗೆ 10 ಕೊಡುತ್ತದೆ, ಅಂದರೆ 9 ರೂಪಾಯಿ 20 ಪೈಸೆ. ಇಷ್ಟು ನೋಡಿದವರು ಸಿಎನ್‌ಜಿ ಅರ್ಧಕ್ಕರ್ಧ ಅಗ್ಗ ಅಂತ ಕುಣಿಯುತ್ತಾರೆ. ತಲೆ ಲೆಕ್ಕ ಹಾಕಿ ನೋಡಿ. ಕಾರಿನಲ್ಲಿ 6 ಮಂದಿ ಕೂತರೆ ತಲೆಗೆ 68 ಪೈಸೆ. ಟಿಟಿಯಲ್ಲಿ 13 ಮಂದಿ ಕೂತರೆ 71 ಪೈಸೆ. ವ್ಯತ್ಯಾಸ ಬರೀ 3 ಪೈಸೆ! ಅದೇ ಟಿಟಿಯಲ್ಲಿ 7 ಮಂದಿ ಕೂತರೆ ತಲೆಗೆ 1 ರೂಪಾಯಿ 31 ಪೈಸೆ. ಅದಕ್ಕೇ ಏಳೆಂಟು ಮಂದಿ ಅಂತ ಫೋನ್ ಬಂದರೆ, ಇನ್ನೊಂದು ಮನೆಯವರನ್ನು ಸೇರಿಸಿಕೊಳ್ಳಿ ಅಂತ ನಾನೇ ಹುರಿದುಂಬಿಸುತ್ತೇನೆ.

ಆ 3 ಪೈಸೆಯೂ ಕಾಗದದ ಮೇಲೆ ಮಾತ್ರ. ಸಿಎನ್‌ಜಿ ಸಿಲಿಂಡರ್ ಕೂರೋದು ಡಿಕ್ಕಿಯಲ್ಲಿ. 6 ಮಂದಿ ಕೂತ ಮೇಲೆ ಬ್ಯಾಗು ಇಡೋದೆಲ್ಲಿ? ಮೇಲೆ ಕ್ಯಾರಿಯರ್ ಹಾಕಬೇಕು. ಕ್ಯಾರಿಯರ್ ಮೇಲೆ ತಾಡಪತ್ರಿ ಕಟ್ಟಿಕೊಂಡು ಹೈವೇಗೆ ಬಿದ್ದರೆ ಗಾಳಿ ಹಿಡಿದು ಎಳೆಯುತ್ತದೆ, ಮೈಲೇಜ್ ಇಳಿಯುತ್ತದೆ. ಇನ್ನು 60 ಲೀಟರ್ ಸಿಲಿಂಡರ್ ಅಂತ ಬರೆದಿದ್ದರೂ ಅದರಲ್ಲಿ ಹಿಡಿಯೋದು 8 ಕಿಲೋ ಆಸುಪಾಸು ಗ್ಯಾಸು. 175 ಕಿ.ಮೀ. ಓಡೋದರೊಳಗೆ ಮುಗಿಯಿತು. ಪೈಪ್‌ಲೈನ್ ಇಲ್ಲದ ಪಂಪಿಗೆ ಗ್ಯಾಸು ಲಾರಿಯಲ್ಲಿ ಬರುತ್ತದೆ. ಲಾರಿ ತಡವಾದರೆ ಪ್ರೆಶರ್ ಇರಲ್ಲ. 200 ಬಾರ್ ಇರಬೇಕಾದಲ್ಲಿ ಕಮ್ಮಿ ಪ್ರೆಶರ್‌ನಲ್ಲಿ ತುಂಬಿದರೆ ಐದಾರು ಕಿಲೋಗೇ ಫುಲ್ ಆಗಿಬಿಡುತ್ತದೆ. ತುಂಬುವಾಗ ಎಲ್ಲರೂ ಕೆಳಗೆ ಇಳಿಯಲೇಬೇಕು. ಏಪ್ರಿಲ್ ಬಿಸಿಲಲ್ಲಿ ಮೊಣಕಾಲು ನೋವಿನ ಅಜ್ಜಿಯನ್ನು ಇಳಿಸಿ ನಿಲ್ಲಿಸಿದರೆ ಅವರ ಮಗ ಮುಂದಿನ ಸಲ ನಮಗೆ ಫೋನ್ ಮಾಡ್ತಾನಾ? ಅದಕ್ಕೆ ಮಂದಿ ಹತ್ತುವ ಮೊದಲೇ, ಬೆಳಗಿನ ಜಾವ, ಅಣ್ಣ ಗ್ಯಾಸು ಹಿಡಿಸಿಕೊಂಡು ಬರುತ್ತಾನೆ. 3 ವರ್ಷಕ್ಕೊಮ್ಮೆ ಸಿಲಿಂಡರ್‌ಗೆ ಹೈಡ್ರೋ ಟೆಸ್ಟ್ (ನೀರು ತುಂಬಿ ಒತ್ತಡ ಹಾಕಿ ನೋಡುವ ಪರೀಕ್ಷೆ) ಮಾಡಿಸಬೇಕು, ಆ ಖರ್ಚೂ ಲೆಕ್ಕಕ್ಕೆ ಬರಬೇಕು.

ನಮ್ಮ ಮಾಮೂಲಿ ಬಾಡಿಗೆ ಅಂದರೆ ಕೂಡಲಸಂಗಮ, ಐಹೊಳೆ, ಪಟ್ಟದಕಲ್ಲು, ಬಾದಾಮಿ. ಒಂದು ದಿನದಲ್ಲಿ ಸುಮಾರು 280 ಕಿ.ಮೀ. ಗ್ಯಾಸು ಅರ್ಧ ದಾರಿ ದಾಟಿ ಸ್ವಲ್ಪ ದೂರಕ್ಕೆ ಮುಗಿಯುತ್ತದೆ. ನಡುವೆ ಸಿಕ್ಕರೆ ಸರಿ. ಕ್ಯೂ ಉದ್ದ ಇದ್ದರೆ ಉಳಿದದ್ದು ಪೆಟ್ರೋಲ್ ಮೇಲೆ. ಆಗ ಕಾರಿನ ಸರಾಸರಿ ಕಿಲೋಮೀಟರ್‌ಗೆ 5 ರೂಪಾಯಿ ಹತ್ತಿರ ಬರುತ್ತದೆ, ತಲೆಗೆ 80 ಪೈಸೆ ಮೇಲೆ. ತುಂಬಿದ ಟಿಟಿ ಗೆದ್ದಿತು.

ಪೆಟ್ರೋಲ್ ಮೇಲೆ ಓಡಿದಾಗ ಮೈಲೇಜ್ ಕಮ್ಮಿ ಆಗಿದೆ ಅಂತ ಈಚೆಗೆ ಎಲ್ಲರೂ ಗೊಣಗುತ್ತಾರೆ. ಕಾರಣ ಇದೆ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್. ಲೀಟರಿಗೆ ಲೀಟರ್ ಹಿಡಿದರೆ ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಪಾಲು ಶಕ್ತಿ ಕಡಿಮೆ. ಹಾಗಾಗಿ ಒಟ್ಟಾರೆ ನೂರಕ್ಕೆ ಆರೇಳು ಭಾಗ ಶಕ್ತಿ ಹೋಯಿತು. ಮಜಾ ನೋಡಿ, ಆ ಎಥೆನಾಲ್ ಒಂದಷ್ಟು ತಯಾರಾಗೋದು ನಮ್ಮ ಸುತ್ತಲಿನ ಸಕ್ಕರೆ ಕಾರ್ಖಾನೆಗಳಲ್ಲೇ. ಕಬ್ಬು ನುರಿಸುವ ಕಾಲದಲ್ಲಿ ಜಮಖಂಡಿ, ಮುಧೋಳ ಕಡೆ ಬಾಡಿಗೆ ಬಿದ್ದರೆ ಎರಡೆರಡು ಟ್ರೈಲರ್ ಎಳೆಯುವ ಟ್ರ್ಯಾಕ್ಟರ್ ಹಿಂದೆ ಎರಡನೇ ಗೇರಿನಲ್ಲಿ ತೆವಳಬೇಕು. ಆ ಕಬ್ಬಿನಿಂದ ದೇಶಕ್ಕೆ ಎಷ್ಟು ಪೆಟ್ರೋಲ್ ಉಳಿಯುತ್ತೋ, ಅದರ ಹಿಂದೆ ತೆವಳುತ್ತಾ ನಾವು ಎಷ್ಟು ಡೀಸೆಲ್ ಸುಡುತ್ತೇವೋ! ಒಂದು ಮಾತು: ಎಥೆನಾಲ್ ನೀರಿನಂಶ ಹೀರುತ್ತದೆ. ಬರೀ ಗ್ಯಾಸಿನ ಮೇಲೆ ಓಡಿಸುತ್ತಾ ಟ್ಯಾಂಕಿನ ತಳದಲ್ಲಿ ಹಳೇ ಪೆಟ್ರೋಲ್ ತಿಂಗಳುಗಟ್ಟಲೆ ಬಿಡಬೇಡಿ. ನಡುನಡುವೆ ಓಡಿಸಿ ಖಾಲಿ ಮಾಡಿ.

ದೂರದ ದಾರಿಗೆ, ಘಾಟಿಗೆ ಡೀಸೆಲ್ಲೇ. ಶ್ರೀಶೈಲಕ್ಕೆ ಮಂದಿ, ಲಗೇಜು, ಅಡುಗೆ ಸಾಮಾನು ಎಲ್ಲ ಹೇರಿಕೊಂಡು ಹೋಗಬೇಕು. ಏರುವಾಗ ಗ್ಯಾಸಿನ ಗಾಡಿ ಏದುಸಿರು ಬಿಡುತ್ತದೆ, ಡೀಸೆಲ್ ಸುಮ್ನೆ ಎಳೆದುಕೊಂಡು ಹೋಗುತ್ತದೆ. ಆದರೆ ಬರೀ ಊರೊಳಗೆ, ಸ್ಟೇಷನ್‌ನಿಂದ ಗೋಳಗುಮ್ಮಟ, ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾ ಅಂತ ಓಡಿಸುವವರು ಹೊಸ ಬಿಎಸ್6 (ಹೊಗೆಗೆ ಸರ್ಕಾರ ಹಾಕಿದ ಈಗಿನ ಮಿತಿ) ಡೀಸೆಲ್ ಗಾಡಿ ತಗೊಳ್ಳಬೇಡಿ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ತನ್ನನ್ನು ತಾನೇ ಸುಟ್ಟುಕೊಂಡು ಸ್ವಚ್ಛ ಆಗೋಕೆ ಹೈವೇ ಓಟ ಬೇಕು. ಎರಡು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೆ ಅದು ಕಟ್ಟಿಕೊಳ್ಳುತ್ತದೆ, ಗ್ಯಾರೇಜ್ ಬಿಲ್ಲು ಬರುತ್ತದೆ. ಕೆಲವು ಗಾಡಿಗೆ ಹೊಗೆ ಶುದ್ಧ ಮಾಡೋಕೆ ಯೂರಿಯಾ ನೀರು ಬೇರೆ ಹಾಕಬೇಕು. ಹೊಲಕ್ಕೆ ಹಾಕುವ ಯೂರಿಯಾ ಕರಗಿಸಿ ಹಾಕಿದರೆ ಆಗಲ್ವಾ ಅಂತ ಒಬ್ಬರು ಕೇಳಿದ್ದರು. ದಯವಿಟ್ಟು ಬೇಡ.

ಇಷ್ಟೆಲ್ಲಾ ಹೇಳಿದೆ, ಆದರೆ ನನ್ನ ವಹಿಯಲ್ಲಿ ದೊಡ್ಡ ತೂತು ಇದ್ದದ್ದು ಬೇರೆ ಕಡೆ. ಅದೇ ಟಿಟಿ, ಅದೇ ದಾರಿ, ಅಷ್ಟೇ ಮಂದಿ. ಚಳಿಗಾಲದಲ್ಲಿ ಹಿಡಿದದ್ದಕ್ಕಿಂತ ಬೇಸಿಗೆಯಲ್ಲಿ ನಾಲ್ಕೈದು ಲೀಟರ್ ಜಾಸ್ತಿ. ಓಡುವಾಗಿನ ಎಸಿ ಒಂದಿಷ್ಟು ತಿನ್ನುತ್ತದೆ, ಒಪ್ಪಿದೆ. ಉಳಿದದ್ದು? ಬಾದಾಮಿ ಗುಹೆಗಳ ಹತ್ತಿರ ಗಾಡಿ ನಿಂತಾಗ ಡ್ರೈವರ್‌ಗೆ ಫೋನ್ ಮಾಡಿದೆ. ಮಾತಿನ ಹಿಂದೆ ಇಂಜಿನ್ ಗುರ್ ಅನ್ನುತ್ತಿತ್ತು.

“ಮಂದಿ ಬಂದಾರೇನೋ ತಮ್ಮಾ?”

“ಇಲ್ರೀ ಅಕ್ಕಾರ, ಭೂತನಾಥ ಗುಡಿ ಕಡೆ ಹೋಗ್ಯಾರ. ಇನ್ನಾ ಒಂದ್ ತಾಸ್ ಆಗತೈತಿ.”

“ಮತ್ತ ಗಾಡಿ ಯಾಕ್ ಚಾಲೂ ಐತಿ?”

“ಬಂದ್ ಮಾಡಿದ್ರ ಒಳಗ ಒಲಿ ಆಗತೈತ್ರೀ. ಹತ್ತೂ ಮುಂದ ಬೈತಾರ.”

ಅವನದೂ ತಪ್ಪಲ್ಲ. ಮೇ ತಿಂಗಳ ಬಾದಾಮಿ, ಕೆಂಪು ಬಂಡೆಯ ಕಾವು. ಸಂಗಮದಲ್ಲಿ ಒಂದು ತಾಸು, ಐಹೊಳೆಯಲ್ಲಿ ಒಂದು, ಪಟ್ಟದಕಲ್ಲಿನಲ್ಲಿ ಒಂದು, ಬಾದಾಮಿಯಲ್ಲಿ ಎರಡು. ಐದು ತಾಸು ಇಂಜಿನ್ ನಿಂತಲ್ಲೇ ತಿರುಗಿದರೆ 400 ರೂಪಾಯಿ ಹೊಗೆಯಾಗಿ ಹೋಯಿತು. ಒಂದು ಕಿಲೋಮೀಟರೂ ಮುಂದೆ ಹೋಗಿಲ್ಲ! ಟಿಟಿ ಅಷ್ಟು ದುಡ್ಡಿನಲ್ಲಿ ವಿಜಯಪುರದಿಂದ ಕೊಲ್ಹಾರದ ಸೇತುವೆ ಮುಟ್ಟುತ್ತದೆ.

ಈಗ ಬಾಡಿಗೆ ಚೀಟಿಯಲ್ಲೇ ಬರೆಯುತ್ತೇನೆ: ನಿಂತಾಗ ಎಸಿ ಬೇಕಾದರೆ ತಾಸಿಗೆ 150 ರೂಪಾಯಿ ಬೇರೆ. ಬೇಡವಾದರೆ ಗಾಡಿ ನೆರಳಲ್ಲಿ, ಕಿಟಕಿಗೆ ಪರದೆ ಎಳೆದು ನಿಲ್ಲುತ್ತದೆ. ಮಂದಿ ಫೋನ್ ಮಾಡಿದ ಮೇಲೆ ಬಾಗಿಲು ತೆರೆದು ಬಿಸಿ ಗಾಳಿ ಹೊರಗೆ ಬಿಟ್ಟು, ಐದು ನಿಮಿಷ ಮೊದಲು ಎಸಿ ಹಾಕುತ್ತಾರೆ. ಶಾಲಾ ಟ್ರಿಪ್ಪಿನ ಮಾಸ್ತರೊಬ್ಬರು ಚೀಟಿ ಓದಿ, “ತಾಸಿಗೆ 150? ಹುಡುಗ್ರಿಗೆ ಐಸ್‌ಕ್ರೀಮ್ ಕೊಡಸ್ತೀನಿ ಬಿಡ್ರಿ” ಅಂದರು. ಈವರೆಗೆ ಆ ದುಡ್ಡು ಕೊಟ್ಟವರು ಕಡಿಮೆ. ಎಣ್ಣೆ ಮಾತ್ರ ಉಳಿಯಿತು.

ದಾರಿಯನ್ನೂ ಸ್ವಲ್ಪ ತಿರುಗಿಸಿಕೊಂಡಿದ್ದೇವೆ. ಬಾದಾಮಿಗೆ ಮೊದಲು ಹೋಗಿ ಅಲ್ಲಿಂದ ಹಿಂದೆ ಮುಂದೆ ಓಡಾಡೋದಲ್ಲ. ಬೆಳಿಗ್ಗೆ ನಿಡಗುಂದಿ ಮೇಲೆ ಕೂಡಲಸಂಗಮ, ಅಲ್ಲಿಂದ ಅಮೀನಗಡ, ಐಹೊಳೆ, ಪಟ್ಟದಕಲ್ಲು, ಕೊನೆಗೆ ಬಾದಾಮಿ. ವಾಪಸ್ ಗದ್ದನಕೇರಿ ಕ್ರಾಸ್, ಕೊಲ್ಹಾರ. ಹೋದ ದಾರಿಯಲ್ಲಿ ಮತ್ತೆ ಬರೋದಿಲ್ಲ. ಅಮೀನಗಡದಲ್ಲಿ ಕರದಂಟಿಗೆ ಹೇಗೂ ನಿಲ್ಲಿಸಲೇಬೇಕು, ಅದೇ ಚಹಾದ ಹೊತ್ತು.

ಹಳೇ ಡ್ರೈವರ್‌ಗಳ ಎರಡು ನಂಬಿಕೆಗಳನ್ನು ಬಿಡಿಸೋಕೆ ಬಹಳ ಕಷ್ಟಪಟ್ಟಿದ್ದೇನೆ. ಒಂದು, ಚೋರ್ಲಾ ಘಾಟ್ ಇಳಿಯುವಾಗ ನ್ಯೂಟ್ರಲ್ ಮಾಡೋದು. ಈಗಿನ ಇಂಜಿನ್‌ಗಳಲ್ಲಿ ಗೇರಿನಲ್ಲೇ ಆಕ್ಸಿಲೇಟರ್ ಬಿಟ್ಟು ಇಳಿದರೆ ಎಣ್ಣೆ ಪೂರಾ ಕಟ್ ಆಗುತ್ತದೆ, ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೆ ಇಂಜಿನ್ ಆರದಂತೆ ನೋಡಿಕೊಳ್ಳೋಕೆ ಎಣ್ಣೆ ಬೇಕೇ ಬೇಕು. ಉಳಿತಾಯ ಇಲ್ಲ, ಮೇಲಿಂದ ಪೂರ್ತಿ ಭಾರ ಬ್ರೇಕ್ ಮೇಲೆ ಬಿದ್ದು ಅದು ಕಾದು ಹೋಗುತ್ತದೆ. ಇನ್ನೊಂದು, ನಸುಕಿನಲ್ಲಿ ಎಣ್ಣೆ ಹಾಕಿಸಿದರೆ ಜಾಸ್ತಿ ಬರುತ್ತೆ ಅನ್ನೋದು. ಪಂಪಿನ ಟ್ಯಾಂಕು ನೆಲದೊಳಗೆ ಇರುತ್ತದೆ, ಹಗಲು ರಾತ್ರಿಗೆ ಅದರ ತಂಪು ಅಷ್ಟಾಗಿ ಬದಲಾಗಲ್ಲ. ಅಳತೆ ಮೇಲೆ ಅನುಮಾನ ಬಂದರೆ ನೇರವಾಗಿ 5 ಲೀಟರ್ ಮಾಪು ತರಿಸಿ ಹಾಕಿಸಿ ನೋಡಿ. ಪ್ರತಿ ಪಂಪಿನಲ್ಲೂ ಅದು ಇರಬೇಕು, ಕೇಳೋದು ಗಿರಾಕಿಯ ಹಕ್ಕು.

ಗಡಿ ದಾಟಿ ಹಾಕಿಸೋದರ ಬಗ್ಗೆಯೂ ಕೇಳುತ್ತಾರೆ. ಮೊದಲು ಮಹಾರಾಷ್ಟ್ರದ ಗಾಡಿಗಳು ನಿಪ್ಪಾಣಿ ಕಡೆ ಬಂದು ಟ್ಯಾಂಕ್ ತುಂಬಿಸಿಕೊಂಡು ಹೋಗುತ್ತಿದ್ದವು. 2024ರ ಜೂನ್‌ನಲ್ಲಿ ನಮ್ಮಲ್ಲಿ ಪೆಟ್ರೋಲ್‌ಗೂ ಡೀಸೆಲ್‌ಗೂ ಸುಮಾರು 3 ರೂಪಾಯಿ ಏರಿತು. 2025ರ ಏಪ್ರಿಲ್‌ನಲ್ಲಿ ಡೀಸೆಲ್‌ಗೆ ಮತ್ತೆ 2 ರೂಪಾಯಿ. ಈಗ ಸೋಲಾಪುರ ಬಾಡಿಗೆಗೆ ಎಲ್ಲಿ ಹಾಕಿಸಿದರೂ ಅಷ್ಟು ಫರಕ್ ಬೀಳಲ್ಲ. ಆದರೆ ಗೋವಾದಲ್ಲಿ ಪೆಟ್ರೋಲ್ ನಮ್ಮಲ್ಲಿಗಿಂತ ಅಗ್ಗ. ಅಲ್ಲಿಂದ ಬರುವ ಪೆಟ್ರೋಲ್ ಗಾಡಿಯವರು ಫುಲ್ ಮಾಡಿಸಿಕೊಂಡೇ ಬನ್ನಿ.

ಈ ದೀಪಾವಳಿಗೆ ಮೂರನೇ ಗಾಡಿ ತೆಗೆಯುವ ವಿಚಾರ ಇದೆ. ಸೋಲಾಪುರಕ್ಕೆ ರೈಲು ಹಿಡಿಯೋಕೆ, ಆಸ್ಪತ್ರೆಗೆ ಹೋಗುವ ಮೂರು ನಾಲ್ಕು ಮಂದಿಯ ಡ್ರಾಪ್ ಜಾಸ್ತಿ ಬರುತ್ತಿದೆ. ಒಂದು ಕಡೆಗೆ 100 ಕಿ.ಮೀ., ಒಂದು ಸಲ ತುಂಬಿದ ಗ್ಯಾಸು ಸಾಕು, ಘಾಟಿ ಇಲ್ಲ. ಡಿಕ್ಕಿಯ ತಳದಲ್ಲಿ ಎರಡು ಸಣ್ಣ ಸಿಲಿಂಡರ್ ಇಟ್ಟು ಲಗೇಜಿಗೆ ಜಾಗ ಉಳಿಸಿದ ಸಿಎನ್‌ಜಿ ಕಾರುಗಳೂ ಈಗ ಬಂದಿವೆ. ಹಾಗಾಗಿ ಇದಕ್ಕೆ ಸಿಎನ್‌ಜಿ ಅಂತ ನಾನೂ ಅಣ್ಣನೂ ಒಪ್ಪಿದ್ದೇವೆ. ಜಗಳ ಇರೋದು ಬಣ್ಣದ್ದು. ಅವನಿಗೆ ಕರಿ ಬೇಕಂತೆ, ಗತ್ತು ಅಂತೆ. ವಿಜಯಪುರದ ಬಿಸಿಲಿಗೆ ಕರಿ ಗಾಡಿ ತಂದು ನಿಲ್ಲಿಸಿದರೆ ಎಸಿ ಲೆಕ್ಕ ನೀನೇ ಬರಿ ಅಂದಿದ್ದೇನೆ.