ಹತ್ತು ನಿಮಿಷ ತಡ್ಕೋ ಅಂದಿದ್ದೆ

ಸಾಫ್ಟ್‌ವೇರ್ ರಿಲೀಸ್ ದಿನ, ಮಧ್ಯಾಹ್ನ 12:40. ಎಲ್ಲರೂ ಸೇರುವ ಬ್ರಿಡ್ಜ್ ಕಾಲ್‌ನಲ್ಲಿ ಒಂಬತ್ತು ಜನ. ಪ್ರೊಡಕ್ಷನ್‌ನಲ್ಲಿ, ಅಂದರೆ ಬಳಕೆಯಲ್ಲಿರುವ ಸಿಸ್ಟಮ್‌ನಲ್ಲೇ, ಡೇಟಾಬೇಸ್ ಬದಲಾಯಿಸುವ ಮೈಗ್ರೇಶನ್ ಸ್ಕ್ರಿಪ್ಟ್ ಅರ್ಧಕ್ಕೆ ನಿಂತಿತ್ತು. ಆಗ ಚಾಟ್‌ನಲ್ಲಿ ನನ್ನ ಟೀಮ್‌ನವಳೊಬ್ಬಳ ಮೆಸೇಜ್ ಬಂತು: "ಇಪ್ಪತ್ತು ನಿಮಿಷ ಹೋಗಿ ಬರ್ಲಾ?"

"ಹತ್ತು ನಿಮಿಷ ತಡ್ಕೋ. ಇದೊಂದು ಮುಗಿದ ತಕ್ಷಣ ಹೋಗು" ಅಂತ ಬರೆದೆ.

ತಿಂಗಳುಗಳು ಕಳೆದಿವೆ. ಆ ಉತ್ತರ ನೆನಪಾದರೆ ಈಗಲೂ ಮನಸ್ಸು ಚುರ್ ಅನ್ನುತ್ತದೆ.

ಅವಳು ಹೆರಿಗೆ ರಜೆ ಮುಗಿಸಿ ಬಂದು ಮೂರು ವಾರ ಆಗಿತ್ತು. ಮಗುವಿಗೆ ಐದು ತಿಂಗಳು. ಮೊದಲ 6 ತಿಂಗಳು ಎದೆಹಾಲು ಮಾತ್ರ ಸಾಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದಲ್ವಾ, ಅಲ್ಲಿಯವರೆಗಾದರೂ ಬಿಡಬಾರದು ಅನ್ನುವುದು ಅವಳ ಆಸೆ. ಅವಳು ಬರುವ ಮೊದಲೇ, ಪಂಪ್‌ನಿಂದ ಹಾಲು ಹಿಂಡಿಕೊಳ್ಳಲಿ ಅಂತ, ನಾನು ಆಫೀಸಿನ ವೆಲ್‌ನೆಸ್ ರೂಮ್‌ಗೆ ಒಳಗಿನಿಂದ ಚಿಲಕ ಹಾಕಿಸಿದ್ದೆ. ಕುರ್ಚಿ, ಪ್ಲಗ್ ಪಾಯಿಂಟ್, ಪ್ಯಾಂಟ್ರಿಯಲ್ಲಿ ಸಣ್ಣ ಫ್ರಿಜ್, ಎಲ್ಲಾ ಆಗಿತ್ತು. ನನ್ನ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ನಾನೂ ಎರಡು ಮಕ್ಕಳ ತಾಯಿ. ಆದರೆ ಅವು ಚಿಕ್ಕವಿದ್ದಾಗ ನಾನು ಮನೆಯಲ್ಲೇ ಇದ್ದೆ. ಪಂಪ್ ಹಿಡಿದುಕೊಂಡು ಮೀಟಿಂಗ್‌ಗಳ ನಡುವೆ ಓಡುವುದು ಹೇಗಿರುತ್ತೆ ಅಂತ ನನಗೆ ಗೊತ್ತಿರಲಿಲ್ಲ, ಕೇಳಲೂ ಇಲ್ಲ.

ಸ್ಕ್ರಿಪ್ಟ್ ಮತ್ತೆ ಫೇಲ್ ಆಯಿತು. ರೋಲ್‌ಬ್ಯಾಕ್ ಮಾಡಿ ಹಳೆಯ ಸ್ಥಿತಿಗೆ ಹೋಗೋಣವೇ ಬೇಡವೇ ಅಂತ ಚರ್ಚೆ ಶುರುವಾಯಿತು. ಡೇಟಾಬೇಸ್ ಕಡೆ ಪೂರ್ತಿ ಗೊತ್ತಿದ್ದವಳು ಅವಳೊಬ್ಬಳೇ. 1:15ಕ್ಕೆ ಅವಳು ಜಾಕೆಟ್ ಜಿಪ್ ಕುತ್ತಿಗೆವರೆಗೂ ಎಳೆದುಕೊಂಡಳು. ಎಸಿ ಜಾಸ್ತಿಯಾಗಿರಬೇಕು ಅಂದುಕೊಂಡೆ. ಎಡಗೈಯನ್ನು ಎದೆಗೆ ಒತ್ತಿ ಹಿಡಿದು, ಬಲಗೈ ಒಂದರಲ್ಲೇ ಟೈಪ್ ಮಾಡುತ್ತಿದ್ದಳು. ಅದನ್ನೂ ನೋಡಿದೆ. ನೋಡಿ, ಮತ್ತೆ ಲಾಗ್ ಕಡೆ ತಿರುಗಿದೆ.

2:10ಕ್ಕೆ ಅವಳು ಏನೂ ಹೇಳದೆ ಎದ್ದು ಹೋದಳು. ಎರಡು ನಿಮಿಷ ಬಿಟ್ಟು ನಾನೂ ಹೋದೆ. ಕಾರಿಡಾರ್‌ನಲ್ಲಿ ಪಂಪ್ ಬ್ಯಾಗ್ ಅಪ್ಪಿಕೊಂಡು ನಿಂತಿದ್ದಳು. ರೂಮ್ ಒಳಗೆ ಯಾರೋ ಕ್ಲೈಂಟ್ ಕಾಲ್‌ನಲ್ಲಿದ್ದರು. ಹದಿನೈದು ನಿಮಿಷದಲ್ಲಿ ಚೆಕ್-ಇನ್ ಆಗದಿದ್ದರೆ ನಮ್ಮ ಬುಕಿಂಗ್ ಟೂಲ್ ರೂಮನ್ನು ತಾನಾಗಿ ಬಿಟ್ಟುಕೊಡುತ್ತದೆ. ಕಾನ್ಫರೆನ್ಸ್ ರೂಮ್‌ಗೂ ಇದಕ್ಕೂ ಒಂದೇ ನಿಯಮ ಇಟ್ಟವರಿಗೆ ಏನು ಹೇಳೋದು! ಬಾಗಿಲು ಬಡಿದು ಖಾಲಿ ಮಾಡಿಸಿದೆ. ಅಷ್ಟರಲ್ಲಿ ಅವಳ ಕೈ ನಡುಗುತ್ತಿತ್ತು. ಅರ್ಧ ಗಂಟೆ ಕೂತರೂ ಹಾಲು ಸರಿಯಾಗಿ ಇಳಿಯಲಿಲ್ಲ. ನೋವು, ಗಾಬರಿ ಇದ್ದಾಗ ಹಾಗೆಯೇ ಆಗುತ್ತದಂತೆ, ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನ್‌ಗೆ ಅದೇ ತಡೆ. ಫ್ರಿಜ್‌ನಲ್ಲಿ '9:30' ಅಂತ ಟೇಪ್ ಅಂಟಿಸಿದ ಬೆಳಗಿನ ಬಾಟಲಿ ತುಂಬಿತ್ತು. ಮಧ್ಯಾಹ್ನದ್ದರ ತಳ ಮಾತ್ರ ಒದ್ದೆಯಾಗಿತ್ತು.

ಮರುದಿನ ಬೆಳಿಗ್ಗೆ ಮೆಸೇಜ್: ಜ್ವರ 102, ಒಂದು ಕಡೆ ಎದೆ ಕೆಂಪಗೆ, ಕಲ್ಲಿನ ಹಾಗೆ ಗಟ್ಟಿ. ಹಾಲು ಕಟ್ಟಿಕೊಂಡು ಬಾವು ಬಂದಿತ್ತು. ಡಾಕ್ಟರ್ ಆಂಟಿಬಯೋಟಿಕ್ ಕೊಟ್ಟರು. ನಾಲ್ಕು ದಿನ ರಜೆ.

ಹಿಂಡಿಟ್ಟ ಹಾಲು ಹೊರಗೆ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ತಡೆಯುತ್ತದೆ. ಮೈಯಲ್ಲಿ ತುಂಬಿದ ಹಾಲು ಹಾಗೆ ಕಾಯುವುದಿಲ್ಲ. ಸುಮಾರು ಮೂರು ಗಂಟೆಗೊಮ್ಮೆ ತೆಗೆಯಲೇಬೇಕು. ಮತ್ತೆ ಮತ್ತೆ ತಪ್ಪಿದರೆ ಇಷ್ಟು ಬೇಡವೇನೋ ಅಂತ ದೇಹವೇ ಹಾಲು ಕಡಿಮೆ ಮಾಡುತ್ತದೆ. ನಾನು ಇದನ್ನು ಕಾಫಿ ಬ್ರೇಕ್ ಥರ ಆಮೇಲೆ ಹೋದರಾಯಿತು ಅನ್ನುವ ಲೆಕ್ಕದಲ್ಲಿ ಇಟ್ಟಿದ್ದೆ. ಅವಳಿಗೆ ರೂಮ್ ಒಂದೇ ಸಾಲುತ್ತಿರಲಿಲ್ಲ, ಎದ್ದು ಹೋದಾಗ ಅವಳ ಸೀಟ್ ನೋಡಿಕೊಳ್ಳುವವರು ಬೇಕಿತ್ತು. ಅದು ನನ್ನ ಕೆಲಸ, ನಾನು ಮಾಡಿರಲಿಲ್ಲ.

ಆಮೇಲೆ ಟೈಮ್‌ಶೀಟ್ ಜಗಳ. ಹಾಲು ಹಿಂಡುವ ಸಮಯಕ್ಕೆ ಟೈಮ್‌ಶೀಟ್‌ನಲ್ಲಿ ಕೋಡ್ ಇಲ್ಲ, 'ಬ್ರೇಕ್' ಅಂತ ಹಾಕಿ ಅಂದರು ಆಫೀಸಿನವರು, ಅಂದರೆ ದಿನಕ್ಕೆ ಒಂದು ಗಂಟೆ ಕಟ್. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2000ದ ಮಾತೃತ್ವ ರಕ್ಷಣೆ ಒಪ್ಪಂದ ಹಾಲುಣಿಸುವ ವಿರಾಮವನ್ನು ಕೆಲಸದ ಸಮಯ ಅಂತಲೇ ಎಣಿಸುತ್ತದೆ, ಅದಕ್ಕೆ ಸಂಬಳವೂ ಇರಬೇಕು ಅನ್ನುತ್ತದೆ. ಅದನ್ನೇ ಮೇಲ್‌ನಲ್ಲಿ ಬರೆದೆ. ಮೂರು ಸಲ ಬರೆದ ಮೇಲೆ ಕೋಡ್ ಬಂತು.

ಅವಳು ವಾಪಸ್ ಬಂದ ದಿನ ಕ್ಷಮೆ ಕೇಳಿದೆ. "ನಾನೂ ಗಟ್ಟಿಯಾಗಿ ಹೇಳಬೇಕಿತ್ತು" ಅಂದಳು. ಇಲ್ಲ, ಒಂದು ಸಲ ಕೇಳಿದ್ದೇ ಸಾಕಿತ್ತು ಅಂದೆ.

ಮುಂದಿನ ರಿಲೀಸ್ ಶೀಟ್‌ನಲ್ಲಿ 12:30ರ ಸಾಲಿನ ಎದುರು ಅವಳ ಬದಲಿಗೆ ನನ್ನ ಹೆಸರು ಹಾಕಿದೆ. ಎರಡು ದಿನ ಕೂತು ಆ ಸ್ಕ್ರಿಪ್ಟ್‌ಗಳನ್ನು ಅವಳಿಂದಲೇ ಕಲಿತೆ. 12:29ಕ್ಕೆ ಚಾಟ್‌ನಲ್ಲಿ ಅವಳ ಮೆಸೇಜ್ ಬಂತು: "ಹೋಗ್ತಿದ್ದೀನಿ."